ಕಡಲಹಕ್ಕಿಗಳ ಕಾಲುಂಗುರ: ಓದುವಿಕೆ ಮತ್ತು ವರದಿ

ಹಕ್ಕಿಯ ಕಾಲಿಗೆ ಸಂಶೋಧಕರು ತೊಡಿಸುವ, ಅಂಕಿ-ಅಕ್ಷರ ಕೊರೆದ ಲೋಹದ ಅಥವಾ ಪ್ಲಾಸ್ಟಿಕ್‌ನ ಹಗುರ ಪಟ್ಟಿಗೆ ಕಾಲುಂಗುರ ಎನ್ನುತ್ತಾರೆ. ಒಂದು ಸಂಖ್ಯೆ ಒಂದೇ ಹಕ್ಕಿಗೆ ಮೀಸಲು. ಲಕ್ಷಗಟ್ಟಲೆ ಹಕ್ಕಿಗಳು ಒಂದೇ ರೂಪದಲ್ಲಿ ಕಾಣುವ ಕಡಲ ನೆಲೆಗಳಲ್ಲಿ ಇಂಥದ್ದೇ ಹಕ್ಕಿ ಎಂದು ಹೆಸರಿಟ್ಟು ಹೇಳಲು ಇದಕ್ಕಿಂತ ಸರಳವಾದ ದಾರಿ ಇನ್ನೂ ಸಿಕ್ಕಿಲ್ಲ. ಆದರೆ ಉಂಗುರ ತೊಡಿಸಿ ಹಾರಲು ಬಿಟ್ಟ ಮಾತ್ರಕ್ಕೆ ಏನೂ ತಿಳಿಯುವುದಿಲ್ಲ. ಆ ಹಕ್ಕಿಯನ್ನು ಇನ್ನೆಲ್ಲೋ ಇನ್ನಾರೋ ಕಂಡು, ಸಂಖ್ಯೆಯನ್ನು ಓದಿ, ಬರೆದು ಕಳಿಸಿದಾಗಲೇ ಎರಡು ಊರು ಮತ್ತು ಎರಡು ದಿನಾಂಕಗಳ ನಡುವೆ ಗೆರೆ ಎಳೆಯಲು ಸಾಧ್ಯ. ಹಾಗಾಗಿ ಈ ವಿಜ್ಞಾನದ ಅರ್ಧದಷ್ಟು ಕೆಲಸವನ್ನು ಮಾಡಿದವರು ಮೀನುಗಾರರು, ಹಡಗಿನ ಕೆಲಸಗಾರರು, ದೀಪಸ್ತಂಭ ಕಾಯುವವರು, ಬೆಳಗಿನ ಹೊತ್ತು ಕಡಲತೀರದಲ್ಲಿ ನಡೆದಾಡುವವರು.

ಕಡಲಹಕ್ಕಿಗಳ ವಿಚಾರದಲ್ಲಿ ಈ ವಿಧಾನಕ್ಕೆ ವಿಶೇಷ ಬೆಲೆ ಬರಲು ಕಾರಣವಿದೆ. ಇವು ಬದುಕಿನ ಬಹುಪಾಲನ್ನು ನೀರಿನ ಮೇಲೆಯೇ ಕಳೆದು, ಗೂಡುಕಟ್ಟುವ ಕಾಲಕ್ಕೆ ಮಾತ್ರ ನೆಲಕ್ಕೆ ಬರುತ್ತವೆ. ಗೂಡು ಬಿಟ್ಟ ಆಲ್ಬಟ್ರಾಸ್ ಮರಿ ಕೆಲವು ವರ್ಷ ನೆಲವನ್ನೇ ಮುಟ್ಟದಿರಬಹುದು. ಜತೆಗೆ ಇವುಗಳ ಆಯಸ್ಸು ದೀರ್ಘ. ಅನೇಕ ಜಾತಿಗಳು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತವೆ, ಕೆಲವು ಎರಡು ವರ್ಷಕ್ಕೊಮ್ಮೆ. ಇಂತಹ ಹಕ್ಕಿಯ ಸಂತತಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಒಂದೆರಡು ವರ್ಷದ ಎಣಿಕೆ ಹೇಳಲಾರದು. ದಶಕಗಳ ಕಾಲ ಅದೇ ಹಕ್ಕಿಗಳನ್ನು ಮತ್ತೆ ಮತ್ತೆ ಗುರುತಿಸುತ್ತಿರಬೇಕು.

ಹಿನ್ನೆಲೆ

ಕಡಲಹಕ್ಕಿಯ ಮೈಗೆ ಬರಹ ಕಟ್ಟಿ ಕಳಿಸಿದ ಹಳೆಯ ಪ್ರಸಂಗವೊಂದು ದುರಂತದ್ದು. 1887ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಳಿಯ ದಡದಲ್ಲಿ ಒಂದು ಆಲ್ಬಟ್ರಾಸ್ ಸಿಕ್ಕಿತು. ಅದರ ಕತ್ತಿನಲ್ಲಿದ್ದ ತಗಡಿನ ಮೇಲೆ, ಒಡೆದ ಹಡಗಿನ 13 ನಾವಿಕರು ಕ್ರೋಝೆ ದ್ವೀಪಗಳಲ್ಲಿ ಆಶ್ರಯ ಪಡೆದಿದ್ದಾರೆ ಎಂದು ಫ್ರೆಂಚ್ ಭಾಷೆಯಲ್ಲಿ ಚುಚ್ಚಿ ಬರೆದಿತ್ತು. ದಿನಾಂಕ ಅದೇ ವರ್ಷದ ಆಗಸ್ಟ್ 4. ಹಿಂದೂ ಮಹಾಸಾಗರದ ತೆಂಕಣ ತುದಿಯ ಆ ದ್ವೀಪಗಳಿಂದ ಅಲ್ಲಿಗೆ ಐದು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ. ಸುದ್ದಿ ತಿಳಿದು ಫ್ರೆಂಚ್ ಹಡಗು ಹೋಗುವ ವೇಳೆಗೆ ನಾವಿಕರು ಮತ್ತೊಂದು ದ್ವೀಪಕ್ಕೆ ಹೊರಡುವುದಾಗಿ ಚೀಟಿ ಬರೆದಿಟ್ಟು ಹೋಗಿಬಿಟ್ಟಿದ್ದರು. ಆಮೇಲೆ ಅವರ ಸುಳಿವು ಸಿಗಲಿಲ್ಲ. ಆಲ್ಬಟ್ರಾಸ್ ಒಂದು ಸಾಗರವನ್ನೇ ದಾಟಬಲ್ಲದು ಎಂಬುದಕ್ಕೆ ಬರಹದ ಸಾಕ್ಷಿ ಮಾತ್ರ ಉಳಿಯಿತು.

ಉಂಗುರ ತೊಡಿಸುವುದನ್ನು ವ್ಯವಸ್ಥಿತ ವಿಧಾನವಾಗಿ ರೂಪಿಸಿದವರು ಡೆನ್ಮಾರ್ಕ್‌ನ ವೀಬೋರ್ಗ್ ಪಟ್ಟಣದ ಶಾಲಾ ಮೇಷ್ಟ್ರು ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್. 1890ರಲ್ಲಿ ಅವರು ಬಳಸಿದ ಸತುವಿನ ಉಂಗುರಗಳು ಹಕ್ಕಿಗೆ ಭಾರವಾದವು. 1899ರಲ್ಲಿ ಅಲ್ಯೂಮಿನಿಯಂ ಉಂಗುರಗಳ ಮೇಲೆ ಸಂಖ್ಯೆ ಮತ್ತು ವಿಳಾಸ ಒತ್ತಿಸಿ ಸ್ಟಾರ್ಲಿಂಗ್ ಹಕ್ಕಿಗಳಿಗೆ ತೊಡಿಸಿದರು. ವಿಳಾಸ ಸೇರಿಸಿದ್ದೇ ಅವರ ದೊಡ್ಡ ಹೆಜ್ಜೆ ಎನ್ನಬೇಕು. ಉಂಗುರ ಕಂಡವರು ಯಾರಿಗೆ ತಿಳಿಸಬೇಕೆಂಬುದು ಉಂಗುರದ ಮೇಲೆಯೇ ಇರುವ ಪದ್ಧತಿ ಅಲ್ಲಿಂದ ಇಲ್ಲಿಯವರೆಗೆ ಬದಲಾಗಿಲ್ಲ. ಬ್ರಿಟನ್ನಿನಲ್ಲಿ 1909ರಲ್ಲಿ ಹ್ಯಾರಿ ವಿದರ್ಬಿ ಮತ್ತು ಲ್ಯಾಂಡ್ಸ್‌ಬರೋ ಥಾಮ್ಸನ್ ಬೇರೆಬೇರೆಯಾಗಿ ಈ ಕೆಲಸ ಆರಂಭಿಸಿದರು. ಈಗ ಅಲ್ಲಿ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಇದನ್ನು ನಡೆಸುತ್ತಿದೆ. ಅಮೆರಿಕದ ರಾಷ್ಟ್ರೀಯ ಯೋಜನೆ 1920ರಲ್ಲಿ ಶುರುವಾಯಿತು. ಯೂರೋಪಿನ ದೇಶಗಳ ಕೇಂದ್ರಗಳನ್ನು ಒಗ್ಗೂಡಿಸುವ ಯೂರಿಂಗ್ ಸಂಘಟನೆ ಹುಟ್ಟಿದ್ದು 1963ರಲ್ಲಿ.

ಕಡಲಹಕ್ಕಿಗಳ ಮಟ್ಟಿಗೆ ಹೆಸರಾದ ಪ್ರಯೋಗ ನಡೆದದ್ದು ವೇಲ್ಸ್‌ನ ಸ್ಕೋಕ್‌ಹೋಮ್ ದ್ವೀಪದಲ್ಲಿ. ರೊನಾಲ್ಡ್ ಲಾಕ್ಲಿ 1933ರಲ್ಲಿ ಬ್ರಿಟನ್ನಿನ ಮೊದಲ ಹಕ್ಕಿ ವೀಕ್ಷಣಾಲಯವನ್ನು ಕಟ್ಟಿದ್ದು ಇಲ್ಲಿಯೇ. ನೆಲದ ಬಿಲಗಳಲ್ಲಿ ಮೊಟ್ಟೆಯಿಟ್ಟು ಕತ್ತಲಾದ ಮೇಲೆ ಮಾತ್ರ ದಡಕ್ಕೆ ಬರುವ ಮ್ಯಾಂಕ್ಸ್ ಶಿಯರ್‌ವಾಟರ್ ಇಲ್ಲಿನ ಮುಖ್ಯ ಹಕ್ಕಿ. 1952ರಲ್ಲಿ ಎಎಕ್ಸ್ 6587 ಸಂಖ್ಯೆಯ ಉಂಗುರ ತೊಟ್ಟ ಶಿಯರ್‌ವಾಟರನ್ನು ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಕ್ಲಾರಿನೆಟ್ ವಾದಕ ರೊಸಾರಿಯೊ ಮಾಝಿಯೊ ವಿಮಾನದಲ್ಲಿ ಅಮೆರಿಕಕ್ಕೆ ಒಯ್ದು ಬಾಸ್ಟನ್ ಬಳಿ ಹಾರಿಬಿಟ್ಟರು. ಅಟ್ಲಾಂಟಿಕ್ ದಾಟಿ ಸುಮಾರು 5,000 ಕಿಲೋಮೀಟರ್ ಹಾರಿದ ಹಕ್ಕಿ ಹನ್ನೆರಡೂವರೆ ದಿನಗಳಲ್ಲಿ ತನ್ನ ಬಿಲಕ್ಕೆ ಮರಳಿತ್ತು. ಕಾಲಿನಲ್ಲಿ ಸಂಖ್ಯೆ ಇಲ್ಲದಿದ್ದರೆ ಅದೇ ಹಕ್ಕಿ ಎಂದು ಯಾರೂ ನಂಬುತ್ತಿರಲಿಲ್ಲ.

ಉಂಗುರಗಳ ಬಗೆ

ಉಪ್ಪುನೀರು ಮತ್ತು ಕಲ್ಲುಬಂಡೆ ಉಂಗುರದ ಶತ್ರುಗಳು. ಮೆದುವಾದ ಅಲ್ಯೂಮಿನಿಯಂ ಕಡಲಹಕ್ಕಿಯ ಕಾಲಿನಲ್ಲಿ ಕೆಲವೇ ವರ್ಷಗಳಲ್ಲಿ ಸವೆದು, ಅಂಕಿಗಳು ಅಳಿಸಿ, ಕೊನೆಗೆ ಕಳಚಿ ಬೀಳುತ್ತದೆ. ಆಗ ಒಂದು ಅಪಾಯವಿದೆ. ಉಂಗುರ ಬಿದ್ದುಹೋದ ಹಕ್ಕಿ ಲೆಕ್ಕದಲ್ಲಿ ಸತ್ತ ಹಕ್ಕಿಯಾಗಿಬಿಡುತ್ತದೆ, ಆ ಜಾತಿಯ ಆಯಸ್ಸು ಇದ್ದುದಕ್ಕಿಂತ ಕಡಿಮೆ ಎಂಬ ತಪ್ಪು ನಿರ್ಣಯಕ್ಕೆ ದಾರಿಯಾಗುತ್ತದೆ. ಅದಕ್ಕಾಗಿ ಕಡಲಹಕ್ಕಿಗಳಿಗೆ ಮೋನೆಲ್, ಇನ್‌ಕೊಲಾಯ್, ಸ್ಟೇನ್‌ಲೆಸ್ ಸ್ಟೀಲ್‌ನಂತಹ ಗಟ್ಟಿ ಲೋಹಗಳ ಉಂಗುರಗಳು ಬಂದವು. ಗಿಲೆಮಾಟ್ ಹಕ್ಕಿಯ ಕಷ್ಟ ಇನ್ನೂ ಬೇರೆ. ಅದು ಕಡಿದಾದ ಬಂಡೆಯ ಅಂಚಿನಲ್ಲಿ ಪಾದವಷ್ಟೇ ಅಲ್ಲದೆ ಕಾಲಿನ ಕೆಳಭಾಗವನ್ನೂ ನೆಲಕ್ಕೂರಿ ಕೂರುವುದರಿಂದ ದುಂಡನೆಯ ಉಂಗುರ ಕಲ್ಲಿಗೆ ಸದಾ ಉಜ್ಜುತ್ತಿರುತ್ತದೆ. ಆದ್ದರಿಂದ ಅದರ ಚಪ್ಪಟೆ ಕಾಲಿಗೆ ಹೊಂದುವಂತೆ ತ್ರಿಕೋನದ ಆಕಾರದಲ್ಲಿ ಬಗ್ಗಿಸಿದ ಉಂಗುರ ತಯಾರಾಯಿತು. ಅಂಕಿಗಳು ಇರುವ ಮುಖ ನೆಲಕ್ಕೆ ತಾಗದು, ದೂರದಿಂದ ಓದಲೂ ಸಲೀಸು.

ಲೋಹದ ಉಂಗುರವನ್ನು ಓದಲು ಸಾಮಾನ್ಯವಾಗಿ ಹಕ್ಕಿ ಕೈಗೇ ಸಿಗಬೇಕು. ಆ ಕೊರತೆ ತುಂಬಲು ಬಣ್ಣದ ಪ್ಲಾಸ್ಟಿಕ್ ಉಂಗುರಗಳು ಬಳಕೆಗೆ ಬಂದವು. ಹಳೆಯ ಕ್ರಮದಲ್ಲಿ ಎರಡು ಮೂರು ಬಣ್ಣಗಳ ಜೋಡಣೆಯೇ ಹಕ್ಕಿಯ ಗುರುತು. ಇಂಗ್ಲೆಂಡಿನ ನಾರ್ತ್ ಷೀಲ್ಡ್ಸ್‌ನಲ್ಲಿ ನದಿದಡದ ಗೋದಾಮೊಂದರ ಕಿಟಕಿ ಕಟ್ಟೆಗಳ ಮೇಲೆ ಗೂಡುಕಟ್ಟುತ್ತಿದ್ದ ಕಿಟಿವೇಕ್ ಹಕ್ಕಿಗಳನ್ನು ಜಾನ್ ಕೋಲ್ಸನ್ 1954ರಿಂದ ದಶಕಗಳ ಕಾಲ ಹೀಗೆ ಗುರುತಿಸಿ ಹಿಂಬಾಲಿಸಿದರು. ಮರಿ ಮಾಡುವುದರಲ್ಲಿ ಸೋತ ಜೋಡಿಗಳು ಮರುವರ್ಷ ಬೇರೆಯಾಗುವುದು ಹೆಚ್ಚು, ಗೆದ್ದ ಜೋಡಿಗಳು ಒಟ್ಟಿಗೇ ಉಳಿಯುವುದು ಹೆಚ್ಚು ಎಂಬುದು ಆ ಬಣ್ಣಗಳಿಂದಲೇ ಗೊತ್ತಾಯಿತು. ಈಗ ಗಲ್ ಹಕ್ಕಿಗಳಿಗೆ ಎರಡರಿಂದ ನಾಲ್ಕು ಅಕ್ಷರ-ಅಂಕಿಗಳ ಸಂಕೇತ ಕೊರೆದ ಎತ್ತರದ ಪ್ಲಾಸ್ಟಿಕ್ ಉಂಗುರವನ್ನು ಒಂದು ಕಾಲಿಗೂ ಲೋಹದ್ದನ್ನು ಇನ್ನೊಂದು ಕಾಲಿಗೂ ತೊಡಿಸುವುದು ರೂಢಿ.

ಓದುವ ಬಗೆ

ಬಂದರಿನ ಕಟ್ಟೆಯ ಮೇಲೆ ಗಲ್ ಹಕ್ಕಿಯೊಂದು ಒಂಟಿಕಾಲಿನಲ್ಲಿ ನಿಂತಿದೆ ಎನ್ನಿ. ಉಂಗುರವಿರುವ ಕಾಲು ಹೊಟ್ಟೆಯ ಗರಿಗಳ ಒಳಗೆ ಸೇರಿಕೊಂಡಿರಬಹುದು. ಅದು ಮೈಮುರಿದು ಕಾಲು ಇಳಿಸುವವರೆಗೆ ಕಾಯಬೇಕು. ಇಳಿಸಿದಾಗ ಲೋಹದ ಉಂಗುರದ ಸುತ್ತ ಹರಡಿಕೊಂಡ ಅಂಕಿಗಳಲ್ಲಿ ಈ ಬದಿಗೆ ಕಾಣುವುದು ಮೂರೋ ನಾಲ್ಕೋ ಮಾತ್ರ. ಉಳಿದವು ಹಕ್ಕಿ ತಿರುಗಿದಾಗಲೇ ಕಾಣುತ್ತವೆ. ಅನುಭವಿಗಳು ಇಂತಹ ಹೊತ್ತಿನಲ್ಲಿ ಹತ್ತಿರ ಹೋಗುವುದಿಲ್ಲ. ದೂರದರ್ಶಕದಿಂದಲೋ ಕ್ಯಾಮೆರಾದ ಉದ್ದ ಲೆನ್ಸ್‌ನಿಂದಲೋ ಒಂದಾದ ಮೇಲೊಂದರಂತೆ ಚಿತ್ರ ತೆಗೆಯುತ್ತಾ ಹೋಗುತ್ತಾರೆ. ಆಮೇಲೆ ಚಿತ್ರಗಳನ್ನು ಸಾಲಾಗಿ ಇಟ್ಟು, ಒಂದರ ಕೊನೆಯ ಅಂಕಿಯನ್ನು ಇನ್ನೊಂದರ ಮೊದಲ ಅಂಕಿಗೆ ಹೊಂದಿಸಿ ಇಡೀ ಸಂಖ್ಯೆಯನ್ನು ಕಟ್ಟುತ್ತಾರೆ. ಒಂದೇ ಹಕ್ಕಿಯ ಚಿತ್ರಗಳೆಂಬ ಖಾತ್ರಿ ಇರಬೇಕು ಅಷ್ಟೆ. ಒಂದೇ ಗುಂಪಿನಲ್ಲಿ ಎರಡು ಉಂಗುರದ ಹಕ್ಕಿಗಳಿದ್ದು, ಎರಡರ ಅಂಕಿಗಳು ಬೆರೆತು ಇಲ್ಲದ ಹಕ್ಕಿಯೊಂದು ದಾಖಲೆಗೆ ಸೇರುವ ಸಂಭವ ಇದ್ದೇ ಇದೆ.

ಪ್ಲಾಸ್ಟಿಕ್ ಉಂಗುರದ ಸಂಕೇತವನ್ನು ಸಾಮಾನ್ಯವಾಗಿ ಕಾಲಿನ ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಬೇಕು. ಒಂದೇ ಸಂಕೇತ ಸುತ್ತಲೂ ಎರಡು ಮೂರು ಬಾರಿ ಬರುವುದರಿಂದ ಯಾವ ಬದಿಯಿಂದಲಾದರೂ ಸಿಗುತ್ತದೆ. 6 ಮತ್ತು 9, 3 ಮತ್ತು 8 ಬಿಸಿಲಿನ ಝಳದಲ್ಲಿ ಒಂದಕ್ಕೊಂದು ಮೋಸ ಮಾಡುತ್ತವೆ. ಬಣ್ಣವೂ ನಂಬಿಕೆಯದಲ್ಲ, ವರ್ಷಗಳ ಬಿಸಿಲಿಗೆ ಮಾಸಿದ ಕಿತ್ತಳೆ ಹಳದಿಯಂತೆ ಕಾಣಬಹುದು.

ಹೊಸಬರು ಹೆಚ್ಚಾಗಿ ಎಡವುವುದು ಎಡ-ಬಲದಲ್ಲಿ. ಎಡಗಾಲು ಎಂದರೆ ಹಕ್ಕಿಯ ಎಡಗಾಲು. ಅದು ನಮ್ಮತ್ತ ಮುಖ ಮಾಡಿದ್ದರೆ ನಮ್ಮ ಬಲಕ್ಕೆ ಬರುತ್ತದೆ. ಇನ್ನೊಂದು ತೊಡಕು ಕೀಲಿನದು. ಹಕ್ಕಿಯ ಮಂಡಿಯಂತೆ ತೋರುವ, ಹಿಂದಕ್ಕೆ ಮಡಚುವ ಕೀಲು ನಿಜವಾಗಿ ಹಿಮ್ಮಡಿಯ ಕೀಲು. ಮಂಡಿ ಗರಿಗಳೊಳಗೆ ಅಡಗಿದೆ. ಆ ಕೀಲಿನ ಮೇಲೆ ಉಂಗುರವಿದೆಯೋ ಕೆಳಗಿದೆಯೋ ಎಂಬುದೂ ಸಂಕೇತದ ಭಾಗವಾಗಿರುವುದರಿಂದ ಅದನ್ನು ಬರೆದುಕೊಳ್ಳದೆ ಬಿಡಬಾರದು.

ಅರ್ಧ ಓದಿದ ಸಂಖ್ಯೆಯನ್ನು ಊಹೆಯಿಂದ ತುಂಬಿಸುವುದು ಮಾತ್ರ ಕೂಡದು. ಕಾಣದ ಅಂಕಿಯ ಜಾಗ ಖಾಲಿ ಇದ್ದರೆ ಕೇಂದ್ರದವರು ಜಾತಿ, ಸ್ಥಳ, ಬಣ್ಣಗಳ ನೆರವಿನಿಂದ ಎಷ್ಟೋ ಸಲ ಹಕ್ಕಿಯನ್ನು ಪತ್ತೆ ಮಾಡಬಲ್ಲರು. ತಪ್ಪು ಅಂಕಿ ಸೇರಿಬಿಟ್ಟರೆ ಅದನ್ನು ತೆಗೆಯುವವರು ಇರುವುದಿಲ್ಲ.

ವರದಿ

ವರದಿಯಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ: ಉಂಗುರದ ಪೂರ್ಣ ಬರಹ, ಯಾವ ಕಾಲು, ಬಣ್ಣ, ಹಕ್ಕಿಯ ಜಾತಿ, ದಿನಾಂಕ, ಸ್ಥಳ, ಬದುಕಿತ್ತೋ ಸತ್ತಿತ್ತೋ ಎಂಬ ಸಂಗತಿ, ಸತ್ತಿದ್ದರೆ ಹೇಗೆ ಎಂಬ ಸುಳಿವು, ಸಾಧ್ಯವಾದರೆ ಚಿತ್ರ. ಸ್ಥಳಕ್ಕೆ ಊರಿನ ಹೆಸರಿನ ಜತೆ ಮೊಬೈಲ್ ನಕ್ಷೆಯ ಅಕ್ಷಾಂಶ-ರೇಖಾಂಶ ಕೊಟ್ಟರೆ ಒಳಿತು. ಹಕ್ಕಿಯ ಹೆಸರು ಗೊತ್ತಿಲ್ಲದವರು ಚಿತ್ರ ಕಳಿಸಿದರೂ ಸಾಕು. ಉಂಗುರದ ಮೇಲೆ ವಿಳಾಸವೋ ಜಾಲತಾಣವೋ ಇರುತ್ತದೆ. ಪರದೇಶದ ಉಂಗುರವಾದರೆ ತಮ್ಮ ದೇಶದ ಕೇಂದ್ರಕ್ಕೇ ತಿಳಿಸಬಹುದು, ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಉತ್ತರವಾಗಿ ಆ ಹಕ್ಕಿಗೆ ಎಂದು, ಎಲ್ಲಿ, ಯಾವ ವಯಸ್ಸಿನಲ್ಲಿ ಉಂಗುರ ತೊಡಿಸಿದರು ಎಂಬ ವಿವರ ವರದಿ ಮಾಡಿದವರಿಗೆ ಬರುತ್ತದೆ.

ಬದುಕಿರುವ ಹಕ್ಕಿಯ ಉಂಗುರವನ್ನು ಬಿಚ್ಚಬಾರದು, ಓದುವುದಕ್ಕಾಗಿ ಬೆನ್ನಟ್ಟಲೂಬಾರದು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು. 2022ರಲ್ಲಿ ಹಕ್ಕಿಜ್ವರ ಬ್ರಿಟನ್ನಿನ ಗ್ಯಾನೆಟ್ ಮತ್ತು ಗ್ರೇಟ್ ಸ್ಕುವಾ ನೆಲೆಗಳಲ್ಲಿ ಸಾವಿರಾರು ಹಕ್ಕಿಗಳನ್ನು ಕೊಂದಾಗ ಅಲ್ಲಿ ಕಡಲಹಕ್ಕಿಗಳ ನೆಲೆಗಳಲ್ಲಿ ಉಂಗುರ ತೊಡಿಸುವುದನ್ನೇ ನಿಲ್ಲಿಸಬೇಕಾಯಿತು. ಮುಟ್ಟದೆ ತೆಗೆದ ಒಂದು ಸ್ಪಷ್ಟ ಚಿತ್ರ ವರದಿಗೆ ಸಾಕಾಗುತ್ತದೆ.

ಉಂಗುರಗಳು ತಿಳಿಸಿದ್ದು

ಇಂಗ್ಲೆಂಡಿನ ಫಾರ್ನ್ ದ್ವೀಪಗಳಲ್ಲಿ 1982ರ ಬೇಸಿಗೆಯಲ್ಲಿ ಉಂಗುರ ತೊಡಿಸಿದ ಆರ್ಕ್ಟಿಕ್ ರೀವದ ಮರಿ ಅದೇ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಸಿಕ್ಕಿತು. ರೆಕ್ಕೆ ಬಲಿತು ಮೂರು ತಿಂಗಳಾಗಿತ್ತಷ್ಟೆ, ಕಡಲ ದಾರಿ 22,000 ಕಿಲೋಮೀಟರ್. ವೇಲ್ಸ್‌ನ ಬಾರ್ಡ್ಸೀ ದ್ವೀಪದಲ್ಲಿ 1957ರಲ್ಲಿ ಉಂಗುರ ಪಡೆದ ಮ್ಯಾಂಕ್ಸ್ ಶಿಯರ್‌ವಾಟರ್ ಒಂದನ್ನು 2008ರಲ್ಲಿ ಜೀವಂತವಾಗಿ ಮತ್ತೆ ಹಿಡಿದರು. ಸ್ಕಾಟ್ಲೆಂಡಿನ ಆರ್ಕ್ನಿಯ ಐನ್‌ಹ್ಯಾಲೋ ದ್ವೀಪದಲ್ಲಿ ಫುಲ್ಮರ್ ಹಕ್ಕಿಗಳನ್ನು ಅಭ್ಯಾಸ ಮಾಡಿದ ಜಾರ್ಜ್ ಡನೆಟ್ ಅವರ ಎರಡು ಛಾಯಾಚಿತ್ರಗಳು ಹಕ್ಕಿಶಾಸ್ತ್ರದಲ್ಲಿ ಪ್ರಸಿದ್ಧ. 1951ರ ಚಿತ್ರದಲ್ಲಿ ತರುಣ ಡನೆಟ್ ಕೈಯಲ್ಲಿ ಒಂದು ಫುಲ್ಮರ್. ಮೂರು ದಶಕಗಳ ನಂತರದ್ದರಲ್ಲಿ ಕೂದಲು ನರೆತ ಡನೆಟ್ ಕೈಯಲ್ಲಿ ಅದೇ ಫುಲ್ಮರ್, ನೋಡಲು ಏನೇನೂ ಬದಲಾಗದೆ. ಗರಿ ನೋಡಿ ವಯಸ್ಸು ಹೇಳಲಾಗದ ಜೀವಿಗಳ ವಯಸ್ಸನ್ನು ಹೇಳಬಲ್ಲದ್ದು ಉಂಗುರ ಮಾತ್ರ.

ಈ ಸಾಲಿನಲ್ಲಿ ಎಲ್ಲರಿಗೂ ಗೊತ್ತಿರುವ ಹಕ್ಕಿ ವಿಸ್ಡಂ. ಪೆಸಿಫಿಕ್ ಮಧ್ಯದ ಮಿಡ್‌ವೇ ಹವಳದ್ವೀಪದಲ್ಲಿ ಚಾಂಡ್ಲರ್ ರಾಬಿನ್ಸ್ 1956ರ ಡಿಸೆಂಬರ್‌ನಲ್ಲಿ ಗೂಡಿನ ಮೇಲಿದ್ದ ಲೇಸಾನ್ ಆಲ್ಬಟ್ರಾಸ್ ಹೆಣ್ಣಿಗೆ ಉಂಗುರ ತೊಡಿಸಿದರು. ಈ ಜಾತಿ ಐದು ವರ್ಷಕ್ಕೆ ಮೊದಲು ಮೊಟ್ಟೆ ಇಡುವುದಿಲ್ಲ, ಆದ್ದರಿಂದ ಅದು ಹುಟ್ಟಿದ್ದು 1951ರಲ್ಲಿ ಅಥವಾ ಅದಕ್ಕೂ ಮೊದಲು. 2002ರಲ್ಲಿ ಅದೇ ರಾಬಿನ್ಸ್ ಅದೇ ದ್ವೀಪದಲ್ಲಿ ಹಿಡಿದ ಹಕ್ಕಿಯೊಂದರ ಸಂಖ್ಯೆಯನ್ನು ಕಡತದಲ್ಲಿ ಹಿಂದಕ್ಕೆ ಹುಡುಕುತ್ತಾ ಹೋದಾಗ ತಾವೇ 46 ವರ್ಷಗಳ ಹಿಂದೆ ತೊಡಿಸಿದ ಉಂಗುರದವರೆಗೆ ಸರಪಳಿ ತಲುಪಿತು. ಸವೆದ ಉಂಗುರಗಳನ್ನು ಬದಲಾಯಿಸಿದಾಗಲೆಲ್ಲ ಹಳೆಯ ಸಂಖ್ಯೆಯ ಪಕ್ಕದಲ್ಲಿ ಹೊಸದನ್ನು ಬರೆದಿಟ್ಟವರ ಶ್ರದ್ಧೆಯಿಂದ ಇದು ಸಾಧ್ಯವಾಯಿತು. ಒಂದು ಸಲ ಆ ನಮೂದು ತಪ್ಪಿದ್ದರೂ ವಿಸ್ಡಂ ಹೆಸರಿಲ್ಲದ ಹಕ್ಕಿಯಾಗಿಯೇ ಉಳಿಯುತ್ತಿತ್ತು. ಈಗ ಅದರ ಕಾಲಿನ ಕೆಂಪು ಉಂಗುರದ ಮೇಲಿನ ಝಡ್ 333 ಸಂಕೇತವನ್ನು ದೂರದಿಂದಲೇ ಓದಬಹುದು. 2024ರ ನವೆಂಬರ್‌ನಲ್ಲಿ, ಸುಮಾರು 74ರ ವಯಸ್ಸಿನಲ್ಲಿ, ಅದು ಮತ್ತೆ ಮೊಟ್ಟೆ ಇಟ್ಟಿತು.

ದಾಖಲೆಗಳ ಬೆರಗಿಗಿಂತ ಮುಖ್ಯವಾದದ್ದು ವಾಂಡರಿಂಗ್ ಆಲ್ಬಟ್ರಾಸ್‌ನ ಕಥೆ. ದಕ್ಷಿಣ ಜಾರ್ಜಿಯಾದ ಬರ್ಡ್ ಐಲೆಂಡ್‌ನಲ್ಲಿ ಲ್ಯಾನ್ಸ್ ಟಿಕೆಲ್ 1958ರಿಂದ ಇವುಗಳಿಗೆ ಉಂಗುರ ತೊಡಿಸಿದರು. ಹೆಚ್ಚು ದಿನ ಕಳೆಯುವ ಮೊದಲೇ ಆ ಹಕ್ಕಿಗಳು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕರಾವಳಿಯಲ್ಲಿ ಕಾಣಿಸಿಕೊಂಡು, ಅವು ಭೂಗೋಳದ ಅರ್ಧವನ್ನು ಸುತ್ತುತ್ತವೆ ಎಂಬುದು ಖಚಿತವಾಯಿತು. ಮುಂದೆ ದ್ವೀಪಕ್ಕೆ ಮರಳುವ ಹಕ್ಕಿಗಳ ಸಂಖ್ಯೆ ವರ್ಷವರ್ಷಕ್ಕೂ ಇಳಿಯತೊಡಗಿತು. ಗೂಡುಗಳ ಬಳಿ ಏನೂ ಕೆಟ್ಟಿರಲಿಲ್ಲ. ಕಾರಣ ಹೇಳಿದ್ದು ಸತ್ತ ಹಕ್ಕಿಗಳ ಕಾಲುಂಗುರಗಳು. ಅವು ಟ್ಯೂನಾ ಹಿಡಿಯುವ ಉದ್ದನೆಯ ಗಾಳದ ಹಗ್ಗದ ಹಡಗುಗಳಿಂದ ಬರುತ್ತಿದ್ದವು. ಹತ್ತಾರು ಕಿಲೋಮೀಟರ್ ಉದ್ದದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ನೀರಿಗೆ ಬಿಡುವಾಗ, ಮುಳುಗುವ ಮೊದಲು ತೇಲುವ ಎರೆಯನ್ನು ನುಂಗಿದ ಆಲ್ಬಟ್ರಾಸ್ ಗಾಳಕ್ಕೆ ಸಿಕ್ಕಿ ನೀರಿನಡಿ ಉಸಿರುಕಟ್ಟಿ ಸಾಯುತ್ತದೆ. ಜಪಾನಿನ ಇಂತಹ ಹಡಗುಗಳೇ ದಕ್ಷಿಣ ಸಾಗರದಲ್ಲಿ ವರ್ಷಕ್ಕೆ ಸುಮಾರು 44,000 ಆಲ್ಬಟ್ರಾಸ್‌ಗಳನ್ನು ಕೊಲ್ಲುತ್ತಿರಬಹುದೆಂದು ನೈಜಲ್ ಬ್ರದರ್ಸ್ 1991ರಲ್ಲಿ ಅಂದಾಜು ಮಾಡಿದರು. ರಾತ್ರಿ ಹೊತ್ತು ಹಗ್ಗ ಬಿಡುವುದು, ಗಾಳ ಬೇಗ ಮುಳುಗುವಂತೆ ಭಾರ ಕಟ್ಟುವುದು, ಹಡಗಿನ ಹಿಂದೆ ಬಣ್ಣದ ಪಟ್ಟಿಗಳ ಬೆದರು ಹಗ್ಗ ಎಳೆಯುವುದು ಮುಂತಾದ ಕ್ರಮಗಳು ಆಮೇಲೆ ಬಂದವು. ದಕ್ಷಿಣ ಜಾರ್ಜಿಯಾದ ಸುತ್ತಲಿನ ಮೀನುಗಾರಿಕೆಯಲ್ಲಿ ಇವುಗಳಿಂದ ಹಕ್ಕಿಗಳ ಸಾವು ಬಹಳ ಕಡಿಮೆಯಾಗಿದೆ. ಆ ಹಡಗುಗಳಲ್ಲಿ ದುಡಿಯುತ್ತಿದ್ದವರು ಉಂಗುರಗಳನ್ನು ಸಮುದ್ರಕ್ಕೆಸೆದು ಸುಮ್ಮನಿದ್ದಿದ್ದರೆ ಕಾರಣ ಪತ್ತೆಯಾಗಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ. ಬಲೆಗೆ ಬಿದ್ದ ಹಕ್ಕಿಯ ಸುದ್ದಿ ಹೇಳಿದರೆ ತಮ್ಮ ಮೇಲೇ ಕೇಸು ಬೀಳುತ್ತದೆ ಎಂಬ ಭಯ ಮೀನುಗಾರರಲ್ಲಿ ಇರುವವರೆಗೂ ಇಂತಹ ಮಾಹಿತಿ ಸೋರಿಹೋಗುತ್ತಲೇ ಇರುತ್ತದೆ. ಅವರನ್ನು ಆರೋಪಿಗಳಂತೆ ಕಾಣದೆ ಸಹಾಯಕರಂತೆ ಕಾಣುವ ಕೇಂದ್ರಗಳಿಗೆ ಉಂಗುರಗಳು ಹೆಚ್ಚು ಬರುತ್ತವೆ.

ಹಾನಿಯ ಪ್ರಶ್ನೆ

ಸರಿಯಾದ ಅಳತೆಯ ಉಂಗುರವನ್ನು ತರಬೇತಿ ಪಡೆದವರು ತೊಡಿಸಿದರೆ ಹಾರುವ ಹಕ್ಕಿಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಪೆಂಗ್ವಿನ್‌ಗಳ ಮಾತು ಬೇರೆ. ಅವುಗಳ ಮೋಟು ಕಾಲಿಗೆ ಉಂಗುರ ಹೊಂದದೆ ಈಜುರೆಕ್ಕೆಗೆ ಪಟ್ಟಿ ಕಟ್ಟುತ್ತಿದ್ದರು. ಕ್ರೋಝೆ ದ್ವೀಪಗಳಲ್ಲಿ ಹತ್ತು ವರ್ಷ ಕಿಂಗ್ ಪೆಂಗ್ವಿನ್‌ಗಳನ್ನು ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪಟ್ಟಿಯಿದ್ದವುಗಳ ಮರಿಗಳ ಸಂಖ್ಯೆ ಶೇ. 39ರಷ್ಟು, ಬದುಕುಳಿಯುವ ಪ್ರಮಾಣ ಶೇ. 16ರಷ್ಟು ಕಡಿಮೆ. ಈಜುವಾಗ ಪಟ್ಟಿ ನೀರಿಗೆ ಒಡ್ಡುವ ತಡೆಯೇ ಮುಖ್ಯ ಕಾರಣ. ಅಳೆಯಲು ಹೊರಟ ಸಾಧನವೇ ಅಳತೆಯನ್ನು ಕೆಡಿಸುವುದು ವಿಜ್ಞಾನಕ್ಕೂ ಹಕ್ಕಿಗೂ ಮಾಡುವ ಅನ್ಯಾಯ. ಚರ್ಮದಡಿ ಇಡುವ ಸಣ್ಣ ಚಿಪ್ ಇಂದು ಅನೇಕ ಕಡೆ ಪಟ್ಟಿಯ ಜಾಗಕ್ಕೆ ಬಂದಿದೆ.

ಭಾರತ ಮತ್ತು ಕನ್ನಡ ಕರಾವಳಿ

ಭಾರತದಲ್ಲಿ ಈ ಕೆಲಸದ ಮುಖ್ಯ ಸಂಸ್ಥೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಇಲ್ಲಿನ ಉಂಗುರಗಳ ಮೇಲೆ ಅದಕ್ಕೆ ತಿಳಿಸಿ ಎಂಬ ಸೂಚನೆ ಇರುತ್ತದೆ. 1920ರ ದಶಕದಲ್ಲಿ ಸಣ್ಣದಾಗಿ ಶುರುವಾದ ಕೆಲಸ ದೊಡ್ಡದಾಗಲು ಮಲೆನಾಡಿನ ಒಂದು ರೋಗ ಕಾರಣವಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ, ಅದರ ವೈರಸ್ ರಷ್ಯಾದ ಮೆದುಳುಜ್ವರದ ವೈರಸ್ಸನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳ ಮೂಲಕ ಅದು ಬಂದಿರಬಹುದೇ ಎಂಬ ಶಂಕೆಯಿಂದ ವಿಶ್ವ ಆರೋಗ್ಯ ಸಂಸ್ಥೆ ನೆರವು ನೀಡಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ 1959ರಿಂದ ಉಂಗುರ ತೊಡಿಸುವುದು ವ್ಯಾಪಕವಾಗಿ ನಡೆಯಿತು. ಕಾಯಿಲೆ ನಮ್ಮ ಕಾಡಿನದ್ದೇ ಎಂಬುದು ಮುಂದೆ ತಿಳಿಯಿತು. ಹಕ್ಕಿಗಳ ವಲಸೆಯ ಬಗ್ಗೆ ಮಾತ್ರ ಅಪಾರ ಮಾಹಿತಿ ಸಂಗ್ರಹವಾಯಿತು. ತಮಿಳುನಾಡಿನ ಕೋಡಿಯಕ್ಕರೈ ದೇಶದ ಮುಖ್ಯ ಉಂಗುರ ಕೇಂದ್ರಗಳಲ್ಲಿ ಒಂದಾಯಿತು.

ಕಾರವಾರದಿಂದ ಮಂಗಳೂರಿನವರೆಗಿನ ದಡದಲ್ಲಿ ಚಳಿಗಾಲಕ್ಕೆ ಕಂದುತಲೆಯ ಗಲ್, ದೊಡ್ಡ ಕರಿತಲೆಯ ಪಲ್ಲಾಸ್ ಗಲ್, ಜುಟ್ಟಿನ ರೀವಗಳು ನೆರೆಯುತ್ತವೆ. ಮೀನು ಇಳಿಸುವ ಧಕ್ಕೆಯ ಸುತ್ತಮುತ್ತ ಅವುಗಳ ಕಾಲನ್ನು ನೋಡಲು ಒಳ್ಳೆಯ ಅವಕಾಶ. ಮಳೆಗಾಲದ ಬಿರುಗಾಳಿ ಬೇರೆಯದೇ ಹಕ್ಕಿಗಳನ್ನು ತರುತ್ತದೆ. ಅಂಟಾರ್ಕ್ಟಿಕ ಕಡೆಯಿಂದ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್, ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಕಡೆಯಿಂದ ಫ್ಲೆಶ್-ಫುಟೆಡ್ ಶಿಯರ್‌ವಾಟರ್ ಆ ಕಾಲಕ್ಕೆ ಅರಬ್ಬೀ ಸಮುದ್ರದಲ್ಲಿರುತ್ತವೆ. ದಣಿದು ಮರಳಿನ ಮೇಲೆ ಬಿದ್ದ ಇಂತಹ ಹಕ್ಕಿಯ ಕಾಲಿನಲ್ಲಿ ಉಂಗುರವಿದೆಯೇ ಎಂದು ನೋಡುವ ಅಭ್ಯಾಸ ನಮ್ಮ ತೀರದಲ್ಲಿ ಇನ್ನಷ್ಟು ಬೆಳೆಯಬೇಕು. ಹಕ್ಕಿ ಬದುಕಿದ್ದರೆ ನೆರಳಿನಲ್ಲಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸುವುದು ಮೊದಲ ಕೆಲಸ, ಸಂಖ್ಯೆ ಬರೆದುಕೊಳ್ಳುವುದು ಎರಡನೆಯದು.

ನೌಕಾನೆಲೆ, ಬಂದರುಗಳಿರುವ ಊರುಗಳಲ್ಲಿ ಉಂಗುರ ಕಂಡೊಡನೆ ಬೇಹುಗಾರಿಕೆಯ ಗುಮಾನಿ ಹುಟ್ಟುವುದುಂಟು. ಮುಂಬೈ ಬಂದರಿನ ಬಳಿ 2023ರಲ್ಲಿ ಕಾಲುಂಗುರ ತೊಟ್ಟ ಪಾರಿವಾಳವೊಂದನ್ನು ಹಿಡಿದು ಎಂಟು ತಿಂಗಳು ಇಟ್ಟುಕೊಂಡು, ಅದು ತೈವಾನಿನ ಪಂದ್ಯದ ಪಾರಿವಾಳ ಎಂದು ತಿಳಿದ ಮೇಲೆ 2024ರ ಜನವರಿಯಲ್ಲಿ ಹಾರಿಬಿಟ್ಟರು. ಪಂದ್ಯದ ಪಾರಿವಾಳದ ಉಂಗುರಕ್ಕೆ ಜೋಡಣೆಯ ಸೀಳು ಇರುವುದಿಲ್ಲ. ಮರಿಯಿದ್ದಾಗಲೇ ಬೆರಳುಗಳ ಮೇಲಿಂದ ತೂರಿಸಿದ ಇಡೀ ಬಳೆ ಅದು, ಅದರಲ್ಲಿ ವರ್ಷವೂ ನಮೂದಾಗಿರುತ್ತದೆ. ಸಂಶೋಧನೆಯ ಲೋಹದ ಉಂಗುರದಲ್ಲಿ ಎರಡು ತುದಿ ಕೂಡಿಸಿ ಒತ್ತಿದ ಗೆರೆ ಕಾಣುತ್ತದೆ, ಸಂಖ್ಯೆಯ ಜತೆಗೆ ಯಾವುದೋ ಸಂಸ್ಥೆಯ ಹೆಸರೋ ವಿಳಾಸವೋ ಇರುತ್ತದೆ. ಆ ಸಂಸ್ಥೆಗೆ ಒಂದು ಸಂದೇಶ ಕಳಿಸಿದರೆ ಹಕ್ಕಿಯ ಊರು, ವಯಸ್ಸು, ಉಂಗುರ ತೊಡಿಸಿದ ದಿನ ಎಲ್ಲವೂ ತಿಳಿಯುತ್ತದೆ.